ಉಳಿದ ನರಕೋಶಗಳ ಹೊಣೆ

ಆಟದಲ್ಲಿ ಬಿದ್ದು ಮೊಣಕಾಲು ತರಚಿದರೆ ಕೆಲವೇ ದಿನಗಳಲ್ಲಿ ಹೊಸ ಚರ್ಮ ಬರುತ್ತದೆ. ಮುರಿದ ಎಲುಬು ಸಹ ಕೂಡಿಕೊಳ್ಳುತ್ತದೆ. ಆದರೆ ನಮ್ಮ ಸ್ನಾಯುಗಳಿಗೆ ಆಜ್ಞೆ ಕೊಡುವ ನರಕೋಶಗಳಿಗೆ ಈ ಭಾಗ್ಯವಿಲ್ಲ. ಅವು ಒಮ್ಮೆ ಸತ್ತರೆ ಅವುಗಳ ಸ್ಥಾನದಲ್ಲಿ ಹೊಸವು ಹುಟ್ಟುವುದಿಲ್ಲ. ಅಂತಹ ಕೋಶಗಳನ್ನೇ ಹುಡುಕಿ ಕೊಲ್ಲುವ ರೋಗವೊಂದುಂಟು. ಅದೇ ಪೋಲಿಯೊ.

ಈ ರೋಗವನ್ನು ನಮ್ಮ ಮನೆಯವರು ಪುಸ್ತಕದಿಂದ ತಿಳಿದವರಲ್ಲ. ನಮ್ಮ ಸೋದರಮಾವನವರಿಗೆ ಎರಡು ವರ್ಷವಾಗಿದ್ದಾಗ, 1962ರಲ್ಲಿ, ಕುಂದಾಪುರದ ಕಡೆಯ ಹಳ್ಳಿಯೊಂದರಲ್ಲಿ ಮೂರು ದಿನ ಜ್ವರ ಬಂದಿತು. ಜ್ವರ ಇಳಿಯಿತು, ಬಲಗಾಲು ಮಾತ್ರ ಏಳಲಿಲ್ಲ. ಅಜ್ಜಿ ಎಣ್ಣೆ ತಿಕ್ಕಿದರು, ದೇವರಿಗೆ ಹರಕೆ ಹೊತ್ತರು. ಕಾಲಿನಲ್ಲಿ ಸ್ವಲ್ಪ ಶಕ್ತಿ ಮರಳಿತು; ಪೂರ್ಣವಾಗಿ ಮರಳಲಿಲ್ಲ. ಮುಂದೆ ಮಾವ ಮುಂಬಯಿಗೆ ಬಂದು, ಹಗಲು ದುಡಿದು, ರಾತ್ರಿಶಾಲೆಯಲ್ಲಿ ಕಲಿತು ಗುಮಾಸ್ತರಾದರು. ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ಮೂವತ್ತು ವರ್ಷ ಮಲಾಡ್ ನಿಲ್ದಾಣದ ಸೇತುವೆಯನ್ನು ಹತ್ತಿ ಇಳಿದರು.

ಜ್ವರದ ಆ ಮೂರು ದಿನಗಳಲ್ಲಿ ದೇಹದೊಳಗೆ ನಡೆದದ್ದೇನು? ಪೋಲಿಯೊ ವೈರಸ್ ಮಲಿನವಾದ ನೀರು, ಆಹಾರ ಅಥವಾ ಕೈಗಳ ಮೂಲಕ ಬಾಯಿಯನ್ನು ಸೇರಿ, ಗಂಟಲು ಮತ್ತು ಕರುಳಿನಲ್ಲಿ ವೃದ್ಧಿಯಾಗುತ್ತದೆ. ಬಹುಮಂದಿಗೆ ಅದು ಬಂದದ್ದೂ ತಿಳಿಯದು. ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಪಾರ್ಶ್ವವಾಯು ತಗಲುತ್ತದೆ. ಆಗ ವೈರಸ್ ಬೆನ್ನುಹುರಿಯ ಮುಂಭಾಗದಲ್ಲಿರುವ ಚಾಲಕ ನರಕೋಶಗಳನ್ನು ಹೊಕ್ಕಿರುತ್ತದೆ. ಹೊಕ್ಕ ಕೋಶವು ತನ್ನ ಪ್ರೋಟೀನುಗಳ ತಯಾರಿಕೆಯನ್ನು ಬಿಟ್ಟು ವೈರಸ್ಸಿನ ಪ್ರತಿಗಳನ್ನೇ ತಯಾರಿಸುವ ಕಾರ್ಖಾನೆಯಾಗುತ್ತದೆ. ಕೊನೆಗೆ ತಾನೇ ನಾಶವಾಗುತ್ತದೆ. ಅದರ ಆಜ್ಞೆಯನ್ನು ಕಾಯುತ್ತಿದ್ದ ನೂರಾರು ಸ್ನಾಯುತಂತುಗಳು ಅನಾಥವಾಗುತ್ತವೆ. ಉಸಿರಾಟದ ಸ್ನಾಯುಗಳಿಗೆ ಈ ಗತಿ ಬಂದರೆ ಪ್ರಾಣಕ್ಕೇ ಅಪಾಯ.

ಆದರೂ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಸೋಂಕು ತಗಲಿದ ಕೋಶಗಳೆಲ್ಲ ಸಾಯುವುದಿಲ್ಲ. ಕೆಲವು ಹಲವು ವಾರ ಮೂಕವಾಗಿದ್ದು ಚೇತರಿಸಿಕೊಳ್ಳುತ್ತವೆ. ಅದಕ್ಕಿಂತಲೂ ವಿಸ್ಮಯದ ಸಂಗತಿಯೊಂದುಂಟು. ಬದುಕುಳಿದ ಕೋಶಗಳು ಹೊಸ ಎಳೆಗಳನ್ನು ಚಾಚಿ, ಅನಾಥವಾದ ಸ್ನಾಯುತಂತುಗಳನ್ನು ತಮ್ಮವೆಂದು ಸೇರಿಸಿಕೊಳ್ಳುತ್ತವೆ. ಚಾಳಿನಲ್ಲಿ ಒಂದು ಮನೆಗೆ ಆಪತ್ತು ಬಂದಾಗ ಪಕ್ಕದ ಮನೆಯವರು ಆ ಮಕ್ಕಳಿಗೂ ಎಲೆ ಹಾಕುವುದಿಲ್ಲವೆ? ಹಾಗೆಯೇ ಇದು. ಹೀಗೆ ಒಂದು ಕೋಶವು ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚು ತಂತುಗಳನ್ನು ನಡೆಸಬಲ್ಲುದು. ನಮ್ಮ ಮಾವನವರು ಸೇತುವೆ ಹತ್ತಿದ್ದು ಈ ನೆರೆಯವರ ಬಲದಿಂದ.

ಆದರೆ ಹೆಚ್ಚಿನ ಹೊರೆಗೆ ಬೆಲೆಯುಂಟು. ಐವತ್ತು ದಾಟಿದ ಮೇಲೆ ಮಾವನವರ ಕಾಲು ಮತ್ತೆ ಸೋಲತೊಡಗಿತು. ನೆರೆಹೊರೆಯವರು, “ಕೂತರೆ ಕಾಲು ಹಿಡಿದುಬಿಡುತ್ತದೆ, ಇನ್ನೂ ಹೆಚ್ಚು ನಡೆಯಿರಿ” ಎಂದರು. ವೈದ್ಯರು ಬೇರೆಯೇ ಹೇಳಿದರು: “ಹಳೆಯ ವೈರಸ್ ಮರಳಿ ಬಂದಿಲ್ಲ. ದಶಕಗಳ ಕಾಲ ಅಧಿಕ ಕೆಲಸ ಮಾಡಿದ ನರಕೋಶಗಳು ಬಳಲಿ ತಮ್ಮ ಎಳೆಗಳನ್ನು ಕಳೆದುಕೊಳ್ಳುತ್ತಿವೆ. ದಣಿವಾಗದಷ್ಟು ವ್ಯಾಯಾಮ ಮಾಡಿ. ದಣಿವಿಗೆ ಮೊದಲೇ ವಿಶ್ರಾಂತಿ ತೆಗೆದುಕೊಳ್ಳಿ.” ಅಂದಿನಿಂದ ಮಾವ ಮೆಟ್ಟಿಲುಗಳ ಮಧ್ಯದಲ್ಲಿ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹತ್ತುತ್ತಾರೆ. ಹಿಂದಿನಿಂದ ಗೊಣಗುವವರಿಗೆ ಈ ಕಥೆ ತಿಳಿಯದು.

ಸತ್ತ ಕೋಶವನ್ನು ಬದುಕಿಸುವ ಔಷಧಿ ಇಂದಿಗೂ ಇಲ್ಲ. ಆದುದರಿಂದ ರೋಗವನ್ನು ಮೊದಲೇ ತಡೆಯುವುದೇ ನಿಜವಾದ ರಕ್ಷಣೆ. ನಮ್ಮ ನಗರದಲ್ಲಿ ಫಾತಿಮಾ ಇಸ್ಮಾಯಿಲ್ ಎಂಬ ಮಹನೀಯರು, ತಮ್ಮ ಮಗಳಿಗೆ ಪೋಲಿಯೊ ತಗಲಿದ ಸಂಕಟವನ್ನು ಸೇವೆಯಾಗಿ ಮಾರ್ಪಡಿಸಿ, 1947ರಲ್ಲಿ ಇಂತಹ ಮಕ್ಕಳ ಚಿಕಿತ್ಸೆಗೆ ಸಂಸ್ಥೆಯನ್ನು ಕಟ್ಟಿದರು. 1955ರಲ್ಲಿ ಅಮೇರಿಕದ ಜೋನಸ್ ಸಾಲ್ಕ್ ಅವರ ಚುಚ್ಚುಲಸಿಕೆ ಬಳಕೆಗೆ ಬಂದಿತು. ಬಳಿಕ ಆಲ್ಬರ್ಟ್ ಸೇಬಿನ್ ಅವರ ಹನಿಲಸಿಕೆ ಬಂದಿತು. ನಮ್ಮ ದೇಶದಲ್ಲಿ 1995ರಲ್ಲಿ ಪಲ್ಸ್ ಪೋಲಿಯೊ ಆಂದೋಲನ ಆರಂಭವಾಯಿತು. ಕಾರ್ಯಕರ್ತೆಯರು ಚಾಳುಗಳಲ್ಲಿಯೂ ನಿಲ್ದಾಣಗಳಲ್ಲಿಯೂ ಮಕ್ಕಳನ್ನು ಹುಡುಕಿ ಎರಡೆರಡು ಹನಿ ಹಾಕಿದರು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಮಗುವೊಂದರಲ್ಲಿ ಕಂಡ ರೋಗವೇ ದೇಶದ ಕೊನೆಯ ನೈಸರ್ಗಿಕ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂದು ಘೋಷಿತವಾಯಿತು. ಆದರೆ ನೆರೆಯ ಕೆಲವು ದೇಶಗಳಲ್ಲಿ ರೋಗವಿನ್ನೂ ನಿರ್ಮೂಲವಾಗಿಲ್ಲ.

ಆದುದರಿಂದ, ಸ್ನೇಹಿತರೇ, ನಮ್ಮ ಮನೆಯ ಕೂಸಿಗೆ ಹನಿ ಹಾಕಿಸುವ ದಿನವನ್ನು ಹಿರಿಯರಿಗೆ ನೆನಪಿಸುವುದು ನಮ್ಮ ಕರ್ತವ್ಯ. ಊಟಕ್ಕೆ ಮೊದಲು ಕೈ ತೊಳೆಯುವುದೂ ಅಷ್ಟೇ ಮುಖ್ಯ. ಸೇತುವೆಯ ಮೇಲೆ ಯಾರಾದರೂ ನಿಧಾನವಾಗಿ ಹತ್ತುತ್ತಿದ್ದರೆ ಅವರನ್ನು ತಳ್ಳದೆ ದಾರಿ ಬಿಡೋಣ. ಅಳಿದವರ ಹೊರೆಯನ್ನು ಉಳಿದವರು ಹೊರುವ ಧರ್ಮವನ್ನು ಕಣ್ಣಿಗೆ ಕಾಣದ ನರಕೋಶವೇ ಪಾಲಿಸುತ್ತಿರುವಾಗ, ಅದು ನಮಗೆ ಅಸಾಧ್ಯವಾದೀತೆ?