ಸೆಲ್ ಇಳಿದ ಮೇಲಿನ ಡೊಳ್ಳು

ಅಳಿಯ ತನ್ನ ಕಿವಿಯೊಳಗಿನ ಇಯರ್‌ಫೋನ್ ತೆಗೆದು ನನ್ನ ಕಿವಿಗೆ ತುರುಕಿದ. ಹತ್ತು ಸೆಕೆಂಡು ಕೇಳಿ ನಾನಂದದ್ದು ಒಂದೇ ಮಾತು: "ಸೆಲ್ ಇಳದಾವಲೋ."

ಮಿರಜ ಪ್ಯಾಸೆಂಜರ್ ಆಗಷ್ಟೇ ರಾಯಬಾಗ ಬಿಟ್ಟಿತ್ತು. ಮುಂದಿನ ಸ್ಟೇಶನ್ನೇ ಚಿಂಚಲಿ. ಭಾರತ ಹುಣ್ಣಿಮೆಯ ಮಾಯವ್ವನ ಜಾತ್ರೆಗೆ ಬೆಂಗಳೂರಿನಿಂದ ಬಂದಿದ್ದ ಅವನು ನನ್ನನ್ನು ಕರುಣೆಯಿಂದ ನೋಡಿದ.

"ಮಾಮಾ, ಮೊಬೈಲಿಗೆ ಎಲ್ಲೀ ಸೆಲ್ಲು? ಇದು ಇರೂದ ಹಿಂಗ. ಸ್ಲಜ್ ಮೆಟಲ್ ಅಂತಾರ."

ಸ್ಲಜ್ ಅಂದರೆ ರಾಡಿ. ರಾಡಿಗೂ ಸಂಗೀತಕ್ಕೂ ಏನು ಸಂಬಂಧ ಎಂದು ಕೇಳಲು ಹೋಗಲಿಲ್ಲ. ಕಬ್ಬಿನ ಸೀಮೆಯವನು ನಾನು. ಸಕ್ಕರೆ ಫ್ಯಾಕ್ಟರಿಯ ಕಾಕಂಬಿ ಸುರಿಯುವುದನ್ನು ಕಂಡವನಿಗೆ ಈ ಗಿಟಾರಿನ ನಡಿಗೆ ಹೊಸದಲ್ಲ. ಕರ್ರಗೆ, ದಪ್ಪಗೆ, ಯಾವ ಅವಸರವೂ ಇಲ್ಲದೆ ಇಳಿಯುತ್ತದೆ.

ಬೆಂಗಳೂರಿನಲ್ಲೇ ಇಂಥ ಬ್ಯಾಂಡುಗಳಿವೆಯಂತೆ. ಒಂದರ ಹೆಸರು ಶೆಫರ್ಡ್, 2015ರಲ್ಲಿ ಆಲ್ಬಂ ತಂದವರು. ಶೆಫರ್ಡ್ ಅಂದರೆ ಕುರಿ ಕಾಯುವವ. ಹಾಗಿದ್ದರೆ ಅವರು ಮೊದಲು ನಮ್ಮ ಮಾಯವ್ವನ ಜಾತ್ರೆಗೆ ಬರಬೇಕಿತ್ತು, ಕಂಬಳಿ ಹೊದ್ದವರ ನಡುವೆ ಹೆಸರಾದರೂ ಸಾರ್ಥಕವಾಗುತ್ತಿತ್ತು. ಇನ್ನೊಂದು ಬ್ಯಾಂಡಿನ ಹೆಸರು ಹೇಳುವ ಮುಂಚೆ ಅಳಿಯ ಆಚೀಚೆ ನೋಡಿದ. ಬೆವರ್ ಸೀ. ಕನ್ನಡದ ಬೈಗುಳವನ್ನು ನಡುವೆ ಸೀಳಿ, ಕೊನೆಗೊಂದು ಇಂಗ್ಲಿಷ್ ಸಮುದ್ರ ಅಂಟಿಸಿ, 2012ರಲ್ಲಿ ಆಲ್ಬಂ ತಂದಿದ್ದಾರೆ. ನಾನು ಇದೇ ಮಾತನ್ನು ಒಡೆಯದೆ, ಇಡಿಯಾಗಿ ಬಳಸಿದ್ದಕ್ಕೆ ಶಾಲೆಯಲ್ಲಿ ಅರ್ಧ ದಿನ ಬೆಂಚಿನ ಮೇಲೆ ನಿಂತಿದ್ದೆ.

ಆದರೆ ನನ್ನ ಕಿವಿಯಲ್ಲಿದ್ದವರು ಇವರಾರೂ ಅಲ್ಲ. ಇವರೆಲ್ಲರಿಗಿಂತ ಹಿರಿಯರು, ಮೆಲ್ವಿನ್ಸ್. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮರ ಕಡಿದು ಬದುಕುವ ಸೀಮೆಯ ಮಾಂಟೆಸಾನೊ ಎಂಬ ಸಣ್ಣ ಊರಿನ ಹುಡುಗರು. 1983ರಲ್ಲಿ ಶುರು. ಬಜ್ ಆಸ್ಬರ್ನ್ ಎಂಬುವನು ಕೆಲಸಕ್ಕಿದ್ದ ಅಂಗಡಿಯಲ್ಲಿ ಮೆಲ್ವಿನ್ ಎಂಬ ಮೇಲ್ವಿಚಾರಕನಿದ್ದ. ಯಾರಿಗೂ ಸೇರದ ಮನುಷ್ಯ. ಅವನ ಹೆಸರನ್ನೇ ಬ್ಯಾಂಡಿಗೆ ಇಟ್ಟುಬಿಟ್ಟರು. ಪಕ್ಕದ ಆಬರ್ಡೀನ್ ಊರಿನ ಕರ್ಟ್ ಕೊಬೇನ್ ಇವರ ಹಿಂದೆ ಸಾಮಾನು ಹೊರುತ್ತ ತಿರುಗುತ್ತಿದ್ದನಂತೆ; ಆಮೇಲೆ ಅವನು ನಿರ್ವಾಣ ಎಂಬ ಬ್ಯಾಂಡು ಕಟ್ಟಿ ಜಗತ್ಪ್ರಸಿದ್ಧನಾದ. ನಮ್ಮಲ್ಲಿ ಡೊಳ್ಳು ಹೊತ್ತು ತಿರುಗಿದವರಿಗೆ ಬಂದದ್ದು ಹೆಗಲು ನೋವು.

ತಮಾಷೆಯೆಂದರೆ ಇವರೂ ಮೊದಲು ಅವಸರದವರೇ. 1983ರ ಅವರ ಡೆಮೊಗಳಲ್ಲಿ ಹಾಡುಗಳು ರೈಲು ತಪ್ಪೀತು ಎನ್ನುವಂತೆ ಓಡುತ್ತವೆ. ಮರುವರ್ಷ ಬ್ಲ್ಯಾಕ್ ಫ್ಲ್ಯಾಗ್ ಎಂಬ ಬ್ಯಾಂಡಿನ 'ಮೈ ವಾರ್' ಬಂತು. ಆ ರೆಕಾರ್ಡನ್ನು ಮಗುಚಿ ಹಾಕಿದರೆ ಎರಡನೇ ಬದಿಯಲ್ಲಿ ಬರೀ ನಿಧಾನದ, ಭಾರದ ಹಾಡುಗಳು. ಅದನ್ನು ಕೇಳಿದ ಮೆಲ್ವಿನ್ಸ್ ಕಾಲೆಳೆಯತೊಡಗಿದರು. 1986ರ ಫೆಬ್ರುವರಿಯಲ್ಲಿ ಸಿಯಾಟಲ್‌ನ ಒಂದು ಸ್ಟುಡಿಯೊದಲ್ಲಿ ಕೂತು ಆರು ಹಾಡು ತುಂಬಿಸಿದರು.

"ಯಾವ ತಿಂಗಳಂದಿ?" ಎಂದೆ.

"ಫೆಬ್ರುವರಿ, ಎಂಬತ್ತಾರು."

ಇಲ್ಲಿಗೆ ಬಂದ ಮೇಲೆ ನಾನು ಸುಮ್ಮನಿರಲು ಸಾಧ್ಯವಿರಲಿಲ್ಲ. ಅದೇ ವರ್ಷ, ಅದೇ ತಿಂಗಳ ಭಾರತ ಹುಣ್ಣಿಮೆಗೆ ಚಿಂಚಲಿಯಲ್ಲಿ ನಾನೂ ರೆಕಾರ್ಡಿಂಗ್ ಮಾಡಿದ್ದೇನೆ.

ಕಾಕಾ ಮುಂಬಯಿಯಿಂದ ಟೂ ಇನ್ ಒನ್ ತಂದಿದ್ದರು. ಸಾಂಗಲಿ, ಕೊಲ್ಹಾಪುರದ ಕಡೆಯ ಎತ್ತಿನ ಗಾಡಿಗಳು ಊರ ಸುತ್ತ ಬೀಡುಬಿಟ್ಟಿದ್ದವು. ಚಾಂಗಭಲೋ ಎನ್ನುತ್ತ ಭಂಡಾರ ಎರಚುವವರ ನಡುವೆ ಕಾಕಾ ಆ ಮಷೀನನ್ನು ಕೂಸಿನಂತೆ ಎದೆಗೊತ್ತಿಕೊಂಡು ನಡೆದರು; ನಾನು ಖಾಲಿ ಕ್ಯಾಸೆಟ್ ಹಿಡಿದು ಹಿಂದೆ. ಡೊಳ್ಳಿನ ಹಾಡಿನವರು ಅಕ್ಕ ಮಾಯವ್ವ ತಮ್ಮ ಬೀರಪ್ಪನನ್ನು ಸಲಹಿದ ಕಥೆ ಎತ್ತಿಕೊಂಡಿದ್ದರು. ನಾವು ಹೋಗಿ ಕೂತದ್ದು ಡೊಳ್ಳಿನಿಂದ ಒಂದು ಮಾರು ದೂರದಲ್ಲಿ.

ಆ ಮಷೀನಿಗೊಂದು ಸ್ವಭಾವವಿತ್ತು. ಡೊಳ್ಳಿನ ಪೆಟ್ಟು ಬಿದ್ದೊಡನೆ ಅದು ಬೆದರಿ ಒಳಗಿನ ದನಿಯನ್ನೆಲ್ಲ ತಾನಾಗಿಯೇ ಇಳಿಸಿಬಿಡುತ್ತಿತ್ತು, ಮತ್ತೆ ಮೆಲ್ಲಗೆ ಏರಿಸುತ್ತಿತ್ತು. ಹೀಗಾಗಿ ಕ್ಯಾಸೆಟ್ಟಿನಲ್ಲಿ ಡೊಳ್ಳು ಧಡ್ ಎಂದು ಒಡೆದು ಹೋಗಿ, ಹಾಡುವವನು ಬಾವಿಗೆ ಬಿದ್ದು, ಅವನು ಮೇಲೆ ಬರುವಷ್ಟರಲ್ಲಿ ಎತ್ತಿನ ಗಂಟೆ, ಚಹಾದವನ ಕೂಗು, ಯಾರದೋ ಕೆಮ್ಮು ತೇಲಿ ಬರುತ್ತಿದ್ದವು. ಮತ್ತೆ ಧಡ್.

ಜಾತ್ರೆ ಮುಗಿದ ಮೇಲೆ ಮೂರು ವಾರ ಮನೆಯಲ್ಲಿ ಅದೇ ಕ್ಯಾಸೆಟ್ಟು. ದಿನ ಹೋದಂತೆ ಸೆಲ್ ಇಳಿದವು. ಹಾಡುವವನ ದನಿ ದಪ್ಪಗಾಯಿತು, ಆಮೇಲೆ ಎಮ್ಮೆಯದಾಯಿತು. ಡೊಳ್ಳಿನ ಒಂದು ಪೆಟ್ಟಿಗೂ ಮತ್ತೊಂದಕ್ಕೂ ನಡುವೆ ಒಂದು ರೊಟ್ಟಿ ಬಡಿಯಬಹುದಿತ್ತು. ಕಾಕು ಸೆಲ್ಲುಗಳನ್ನು ಕಿತ್ತು ಮಾಳಿಗೆಯ ಮೇಲೆ ಸಂಡಿಗೆಯ ಸಾಲಿನಲ್ಲೇ ಬಿಸಿಲಿಗಿಡುತ್ತಿದ್ದಳು. ಸಂಜೆ ಅರ್ಧ ತಾಸು ಬೀರಪ್ಪ ಮನುಷ್ಯ ದನಿಗೆ ಮರಳುತ್ತಿದ್ದ, ಮತ್ತೆ ರಾಡಿಗಿಳಿಯುತ್ತಿದ್ದ. ಆ ರಾಡಿಯೇ ಈಗ ಕಿವಿಯಲ್ಲಿತ್ತು. ಅವರು ನಿಧಾನವಾದದ್ದು ರೆಕಾರ್ಡಿನ ಎರಡನೇ ಬದಿ ಕೇಳಿ, ನಾವು ಹೊಸ ಸೆಲ್ಲಿಗೆ ದುಡ್ಡಿಲ್ಲದೆ.

ಅವರ ಆರು ಹಾಡಿನ ಭಾಗ್ಯ ನೋಡಿ. ಮುಂದೆ 'ಎಂಟು ಹಾಡು' ಎಂದಾಯಿತು, ಆಮೇಲೆ 'ಹತ್ತು ಹಾಡು', 2003ರಲ್ಲಿ ಹಳೆಯ ಡೆಮೊಗಳನ್ನೂ ಕೂಡಿಸಿ 'ಇಪ್ಪತ್ತಾರು ಹಾಡು'. ಇಷ್ಟು ಸಾಲದೆಂದು 1983ರ ಡೆಮೊಗಳೂ 2005ರಲ್ಲಿ ಹೊರಬಂದವು. ನನ್ನದು ಎರಡು ತಿಂಗಳು ಬಾಳಿತು. ಏಪ್ರಿಲ್ 18ಕ್ಕೆ ಶಾರ್ಜಾದಲ್ಲಿ ಭಾರತ-ಪಾಕಿಸ್ತಾನ ಫೈನಲ್. ಗೆಲುವಿನ ಕಾಮೆಂಟರಿ ಶಾಶ್ವತವಾಗಿ ಮನೆಯಲ್ಲಿರಲಿ ಎಂದು, ಕಾಕಾ ಮುರಿದಿಟ್ಟಿದ್ದ ಕ್ಯಾಸೆಟ್ಟಿನ ಕಿವಿಗೆ ಕಾಗದ ತುರುಕಿ, ಬೀರಪ್ಪನ ಮೇಲೆ ಮ್ಯಾಚು ತುಂಬಿಸಿದೆ. ಕೊನೆಯ ಚೆಂಡಿಗೆ ಮಿಯಾಂದಾದ್ ಸಿಕ್ಸರ್ ಹೊಡೆದದ್ದು ಲೋಕಕ್ಕೇ ಗೊತ್ತು. ನನ್ನ ಕ್ಯಾಸೆಟ್ಟಿಗೆ ಅದೂ ಗೊತ್ತಿಲ್ಲ, ಅಷ್ಟರಲ್ಲಿ ಟೇಪು ಮುಗಿದಿತ್ತು.

ಕಾಕಾ ನನ್ನೊಡನೆ ಹದಿನೈದು ದಿನ ಮಾತು ಬಿಟ್ಟರು. ಈಗ ಅವರೂ ಇಲ್ಲ.

ಮನೆಗೆ ಬಂದ ಮೇಲೆ ಅಳಿಯ ಬಿಡಲಿಲ್ಲ. ಅಟ್ಟ ಹತ್ತಿ ಡಬ್ಬಿ ಇಳಿಸಿದ. ಟೂ ಇನ್ ಒನ್ ಸತ್ತಿದ್ದರೂ ಅದರ ಸ್ಪೀಕರಿನ ಜಾಳಿಗೆಯೊಳಗೆ ಆ ಹುಣ್ಣಿಮೆಯ ಭಂಡಾರ ಇನ್ನೂ ಹಳದಿಯಾಗಿಯೇ ಕೂತಿತ್ತು. ಅವನು ಬೆಂಗಳೂರಿನ ಸಂಡೆ ಬಜಾರಿನಲ್ಲಿ ಕೊಂಡ ಹಳೆ ವಾಕ್‌ಮನ್ ತಂದಿದ್ದ. ಕ್ಯಾಸೆಟ್ಟಿನ ಹಲ್ಲಿಗೆ ಪೆನ್ಸಿಲ್ ತೂರಿಸಿ ಸುತ್ತುತ್ತ, "ಆ ಆರು ಹಾಡಿನ್ಯಾಗ ಒಂದರ ಹೆಸರ 'ನಂಬರ್ ಟೂ ಪೆನ್ಸಿಲ್' ಐತಿ ಮಾಮಾ," ಎಂದ.

ಪೆನ್ಸಿಲ್ ಎಂದೊಡನೆ ನೆನಪಾಯಿತು. ಮ್ಯಾಚಿನ ದಿನ ಸೆಲ್ ಉಳಿಸಲು ನಾನೂ ಪೆನ್ಸಿಲ್ಲಿನಲ್ಲೇ ಸುತ್ತಿದ್ದೆ. ಟಾಸ್ ಆಗಿತ್ತೆಂಬ ಗಡಿಬಿಡಿಯಲ್ಲಿ ಕೊನೆಯ ನಾಲ್ಕಾರು ಸುತ್ತು ಬಿಟ್ಟಿದ್ದೆ.

ವಾಕ್‌ಮನ್ನಿಗೆ ಸಣ್ಣ ಸ್ಪೀಕರ್ ಜೋಡಿಸಿದ. ಕಾಕು ರೊಟ್ಟಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಳು. ಮೊದಲು ಸೊಂಯ್ ಎಂಬ ಸದ್ದು. ಎತ್ತಿನ ಗಂಟೆ. ಆಮೇಲೆ ತೀರ ಹತ್ತಿರದಿಂದ ಕಾಕಾನ ದನಿ: "ಕೆಂಪಂದೊಂದ ಒತ್ತಿದ್ರ ಆಗೂದಿಲ್ಲೋ ಕತ್ತೀ, ಎರಡೂ ಕೂಡೇ ಒತ್ತು!" ನಾನು ಎರಡನ್ನೂ ಒತ್ತಿಯಾಗಿತ್ತು, ಬೈಗುಳ ಟೇಪಿಗೆ ಬಿದ್ದಿತ್ತು. ಧಡ್. ಇನ್ನೊಂದು ಧಡ್. ಕಟಕ್ ಎಂದು ಶಾರ್ಜಾದ ಗದ್ದಲ.

ಅಳಿಯ ನಿಲ್ಲಿಸಿದ. ಯಾರೂ ಮಾತಾಡಲಿಲ್ಲ.

"ಇನ್ನೂ ಬೈಯೂದ ಬಿಟ್ಟಿಲ್ಲ ನೋಡ ಅವ್ರು," ಎಂದಳು ಕಾಕು. ಬುಟ್ಟಿ ಕೆಳಗಿಟ್ಟು ಕಂಬಕ್ಕೆ ಆತು ಕೂತಳು. "ಇನ್ನೊಮ್ಮೆ ಹಚ್ಚಪಾ."