ಕೊನೆಯ ಬೆಂಚು

ಮೊಮ್ಮಗನ ಮೊಣಕಾಲ ಹಿಂಬದಿಗೆ ಮುಲಾಮು ಹಚ್ಚುವಾಗಲೆಲ್ಲ ಸಿರುಗುಪ್ಪದಲ್ಲಿ ನನ್ನ ಬಳಿ ಓದಿದ ಒಬ್ಬ ಹುಡುಗ ನೆನಪಾಗುತ್ತಾನೆ. ಎಂಟನೆಯ ತರಗತಿ. ಅವನ ಮೊಣಕೈ ಮಡಿಕೆಗಳಲ್ಲಿ, ಕುತ್ತಿಗೆಯಲ್ಲಿ ಚರ್ಮ ದಪ್ಪಗಟ್ಟಿ ಕಪ್ಪಾಗಿತ್ತು. ಪಾಠ ಕೇಳುತ್ತಲೇ ಕೆರೆದುಕೊಳ್ಳುತ್ತಿದ್ದ. ‘ಕಜ್ಜಿ ಸಾರ್, ನಮಗೂ ಅಂಟತೈತಿ’ ಎಂದು ಪಕ್ಕದವರು ದೂರಿದರು. ವಿಚಾರಿಸದೆ ಅವನನ್ನು ಕೊನೆಯ ಬೆಂಚಿನಲ್ಲಿ ಒಬ್ಬನನ್ನೇ ಕೂಡಿಸಿದೆ. ವಿಜ್ಞಾನ ಬೋಧಿಸುತ್ತಿದ್ದವನು ನಾನು!

ಅದು ಕಜ್ಜಿಯಲ್ಲ, ಅಂಟುವಂಥದ್ದೂ ಅಲ್ಲ. ಹಿರಿಯರು ಇಸಬು ಎನ್ನುತ್ತಿದ್ದುದರಲ್ಲಿ ಒಂದು ಬಗೆ. ವೈದ್ಯರು ಅಟೋಪಿಕ್ ಡರ್ಮಟೈಟಿಸ್ ಎನ್ನುತ್ತಾರೆ. ಅನೇಕ ವೇಳೆ ವಂಶದಲ್ಲಿ ಹರಿದುಬರುತ್ತದೆ. ಅಂಥ ಮನೆಗಳಲ್ಲಿ ಉಬ್ಬಸವೂ ಕಾಣುವುದುಂಟು. ಚರ್ಮ ತೇವವನ್ನು ಹಿಡಿದಿಡಲಾರದು. ಗಿಲಾವು ಉದುರಿದ ಗೋಡೆಯಂತೆ ಹೊರಗಿನದನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ.

ಇಂಥ ಚರ್ಮಕ್ಕೆ ನಮ್ಮ ಸೀಮೆ ಕಠಿಣವೇ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬೆವರು ಉರಿಸುತ್ತದೆ. ಚಳಿಗಾಲದ ಒಣಗಾಳಿ ಬಿರುಕು ತರುತ್ತದೆ. ಸಿರುಗುಪ್ಪದ ಕಡೆ ಭತ್ತ ಒಕ್ಕುವ ದಿನಗಳ ಧೂಳು ಬೇರೆ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಮೊಮ್ಮಗನಿಗೆ ಹೊಸ ಪಾಲಿಯೆಸ್ಟರ್ ಅಂಗಿ ತೊಡಿಸಿ ಕರೆದೊಯ್ದೆವು. ಆ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ‘ನಂಜು’ ಎಂದು ಬೀಗರು ಬದನೆಕಾಯಿ, ಶೇಂಗಾ, ಹಾಲು ಬಿಡಿಸಿದರು. ಮಗು ಸೊರಗಿತೇ ಹೊರತು ತುರಿಕೆ ಇಳಿಯಲಿಲ್ಲ. (ಕೆಲವು ಮಕ್ಕಳಿಗೆ ಆಹಾರದ ಅಲರ್ಜಿ ಇರುವುದುಂಟು, ಅದನ್ನು ನಿರ್ಧರಿಸಬೇಕಾದವರು ವೈದ್ಯರು, ಬೀಗರಲ್ಲ.)

ನನ್ನ ತಪ್ಪೂ ಇದೆ. ಔಷಧದಂಗಡಿಯಿಂದ ನಾನೇ ತಂದ ಮುಲಾಮು ಮೂರು ದಿನದಲ್ಲಿ ಪವಾಡ ಮಾಡಿತು. ನಿಲ್ಲಿಸಿದೊಡನೆ ಕಾಯಿಲೆ ಇಮ್ಮಡಿಯಾಗಿ ಮರಳಿತು. ಅದರಲ್ಲಿದ್ದುದು ಬಲವಾದ ಸ್ಟೀರಾಯ್ಡ್. ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ನಿಯಮ ಮಾಡಿದೆ. ಅಂಗಡಿಯಾತ ಚೀಟಿ ಕೇಳಲಿಲ್ಲ, ನಾನೂ ತೋರಲಿಲ್ಲ. ಸ್ಟೀರಾಯ್ಡ್ ವೈರಿಯೇನಲ್ಲ, ವೈದ್ಯರು ಹೇಳಿದ ಬಲದ್ದು, ಹೇಳಿದಷ್ಟು ದಿನ ಹಚ್ಚಬೇಕು.

ಹಿಡಿತಕ್ಕೆ ತಂದದ್ದು ಸರಳ ಸಂಗತಿಗಳು: ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಮೀರದ ಸ್ನಾನ, ಉಜ್ಜದೆ ಒತ್ತಿ ಒರೆಸುವುದು, ಮೈ ಪೂರ್ತಿ ಆರುವ ಮುನ್ನ ವ್ಯಾಸಲೀನ್, ಹತ್ತಿಯ ಬಟ್ಟೆ, ಕತ್ತರಿಸಿದ ಉಗುರು.

ಆದರೂ ಪರೀಕ್ಷೆಯ ದಿನಗಳಲ್ಲಿ ಮತ್ತೆ ಏರಿತು. ಕಳವಳವೂ ತುರಿಕೆಯನ್ನು ಹೆಚ್ಚಿಸುತ್ತದೆ ಎಂದು ಚರ್ಮವೈದ್ಯರು ಹೇಳಿದಾಗ ನಾನು ತಲೆ ತಗ್ಗಿಸಿದೆ. ಬೆಂಚು ಬದಲಿಸಿದ ಮೇಲೆ ಆ ಹುಡುಗ ಇನ್ನಷ್ಟು ಕೆರೆದುಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೆ. ಬೇರ್ಪಡಿಸಿದ್ದೇ ಒಳ್ಳೆಯದಾಯಿತೆಂದು ಆಗ ಸಮಾಧಾನಪಟ್ಟುಕೊಂಡಿದ್ದೆ. ಆ ವರ್ಷದ ಹಾಜರಿ ಪುಸ್ತಕದಲ್ಲಿ ಡಿಸೆಂಬರಿನ ನಂತರ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳೇ.