ಆಪರೇಷನ್ ನಿಲ್ಲಿಸಿದ ಕ್ಯಾಪ್ಸೂಲ್

ಕಳೆದ ಮಳೆಗಾಲದಲ್ಲಿ ಅಪ್ಪನ ಹರ್ನಿಯಾ ಆಪರೇಷನ್‌ಗೆ ಅಂತ ಮೂರು ದಿನ ರಜೆ ಹಾಕಿ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದೆ. ಬೆಳಿಗ್ಗೆ ಬಿಕರ್ನಕಟ್ಟೆಯ ಮನೆಯಿಂದ ಆಟೋದಲ್ಲಿ ಹೊರಟು ನಂತೂರು ಸರ್ಕಲ್‌ನಲ್ಲಿ ಸಿಕ್ಕಿಬಿದ್ದಾಗ ಅಪ್ಪನದ್ದು ಒಂದೇ ಚಿಂತೆ: "ಲೇಟಾದ್ರೆ ಕ್ಯಾನ್ಸಲ್ ಮಾಡ್ತಾರಾ?"

ಲೇಟಾಗಲಿಲ್ಲ. ಆದರೂ ಕ್ಯಾನ್ಸಲ್ ಆಯಿತು.

ಗೌನು ಹಾಕಿ ಮಲಗಿಸಿದ ಮೇಲೆ ಅರಿವಳಿಕೆ ಡಾಕ್ಟರು ಮಾತ್ರೆಯ ಸ್ಟ್ರಿಪ್ ತೋರಿಸಿ ಅಂದರು. ಸ್ಟೆಂಟ್ ಹಾಕಿದ ಮೇಲೆ ಅಪ್ಪ ದಿನಾ ಒಂದು ಕ್ಯಾಪ್ಸೂಲ್ ನುಂಗುತ್ತಾರೆ. ಸರ್ಜನ್ ಕೇಳಿದಾಗ "ಆಸ್ಪಿರಿನ್" ಅಂದಿದ್ದೆವು. ಸುಳ್ಳಲ್ಲ, ಆದರೆ ಅದೇ ಕ್ಯಾಪ್ಸೂಲಿನೊಳಗೆ ಕ್ಲೋಪಿಡೋಗ್ರೆಲ್ ಕೂಡ ಇತ್ತು. ಬರೀ ಆಸ್ಪಿರಿನ್ ಆದರೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ. ಕ್ಲೋಪಿಡೋಗ್ರೆಲ್ ಇದ್ದರೆ ಬೆನ್ನುಹುರಿಯ ಹತ್ತಿರ ರಕ್ತ ಸೋರಿ ಗಡ್ಡೆಕಟ್ಟಿ ಕಾಲಿನ ಬಲವೇ ಹೋಗಬಹುದು. 5ರಿಂದ 7 ದಿನ ಮೊದಲೇ ನಿಲ್ಲಿಸಬೇಕಿತ್ತು.

ದಿನವಿಡೀ ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕುವ ನಾನು ಫ್ರಿಜ್ ಮೇಲಿದ್ದ ಆ ಸ್ಟ್ರಿಪ್ಪಿನ ಹಿಂಬದಿ ಒಮ್ಮೆಯೂ ಓದಿರಲಿಲ್ಲ. ಮನೆಗೆ ಬಂದು ಗಂಜಿ ಉಣ್ಣುತ್ತಾ ಅಪ್ಪ, "ನನ್ನಿಂದ ನಿನ್ನ ರಜೆ ಹಾಳಾಯ್ತು ಮಗಾ" ಅಂದರು. ಅದನ್ನು ಕೇಳುವುದೇ ಕಷ್ಟವಾಯಿತು.

ಅದೇ ದಿನ ಪಕ್ಕದ ಬೆಡ್ಡಿನ ಅಜ್ಜಿಯ ಆಪರೇಷನ್ನೂ ಮುಂದೆ ಹೋಗಿತ್ತು. "ತಿಂಡಿ ತಿನ್ಲಿಲ್ಲ, ಚಾ ಮಾತ್ರ" ಅಂತ ಅವರ ವಾದ. ನೀರಾದರೆ ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೆ ಕುಡಿಯಬಹುದು, ಹಾಲು ಹಾಕಿದ ಚಾಕ್ಕೆ 6 ಗಂಟೆಯ ಅಂತರ ಬೇಕು. ಖಾಲಿ ಹೊಟ್ಟೆ ಅಂದರೆ ಎಂತ ಅಂತ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್‌ಗಾಗಿ 19 ಅಂಶಗಳ ಚೆಕ್‌ಲಿಸ್ಟ್ ತಂದಿದೆ. ಆದರೆ ಅದು ಶುರುವಾಗುವುದು ಥಿಯೇಟರಿನಲ್ಲಿ. ವಾರದ ಮೊದಲಿನ ಲಿಸ್ಟು ನಾವೇ ಮಾಡ್ಕೋಬೇಕು.

ಎರಡನೇ ಸಲ ಹತ್ತು ದಿನ ಮೊದಲೇ ಅರಿವಳಿಕೆ ಡಾಕ್ಟರನ್ನು ಕಂಡೆವು. ಮನೆಯಲ್ಲಿದ್ದ ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ತೊಟ್ಟೆಯಲ್ಲಿ ತುಂಬಿ ಅವರ ಮೇಜಿನ ಮೇಲಿಟ್ಟೆ. ಅವರು ಹೃದಯದ ಡಾಕ್ಟರ ಹತ್ತಿರ ಕಳಿಸಿದರು. ನಾವೇ ಬುದ್ಧಿವಂತರಾಗಿ ಮಾತ್ರೆ ನಿಲ್ಲಿಸಿದ್ದರೆ ಸ್ಟೆಂಟ್ ಮುಚ್ಚಿಕೊಳ್ಳುವ ಅಪಾಯವಿತ್ತು. ಅವರು ಆ ಕ್ಯಾಪ್ಸೂಲ್ ಬದಲು ಬರೀ ಆಸ್ಪಿರಿನ್ ಬರೆದುಕೊಟ್ಟರು, ಕ್ಲೋಪಿಡೋಗ್ರೆಲ್ ಮತ್ತೆ ಯಾವಾಗ ಶುರು ಮಾಡಬೇಕು ಅನ್ನುವುದನ್ನೂ ಬರೆದರು. ಹಿಂದಿನ ದಿನ ಆಸ್ಪತ್ರೆಯಿಂದ ಫೋನ್ ಬರಲಿಲ್ಲ. ನಾನೇ ಮಾಡಿದೆ: ಜ್ವರ, ಶೀತ ಇಲ್ಲ, ಬರುತ್ತಿದ್ದೇವೆ ಅಂತ.

ಆಪರೇಷನ್ ಆಗಿ ವಾರ್ಡಿಗೆ ಬಂದ ಅಪ್ಪ ಸ್ವಲ್ಪ ಸುಧಾರಿಸಿಕೊಂಡು ಎದುರಿನ ಬೆಡ್ಡಿನವರನ್ನು ಕೇಳಿದರು: "ಮಾತ್ರೆ ಎಲ್ಲ ತೋರಿಸಿದ್ದೀರಲ್ಲ ಮಾರಾಯ್ರೇ?"